ಉಣ್ಣೆ ಮಿಟ್‌ಗೂ ರೇಷ್ಮೆ ಸೀರೆಯ ಆರೈಕೆಯೇ ಬೇಕು

ಕಾರು ತೊಳೆಯೋಕೆ ಅಂತ ನಾನು ಕೊಂಡ ಮೊದಲ ಉಣ್ಣೆ ಮಿಟ್, ಅಂದರೆ ಕೈಗವಸಿನ ಹಾಗೆ ತೊಟ್ಟು ಒರೆಸುವ ಚೀಲ, ಒಂದೇ ತಿಂಗಳಲ್ಲಿ ಹಾಳಾಯಿತು. ಹಾಳು ಮಾಡಿದ್ದು ನಾನೇ. ಆಯುಧಪೂಜೆಗೆ ಎರಡು ದಿನ ಮುಂಚೆ ಮದ್ದೂರು ಕಡೆಯ ನಮ್ಮೂರಿಗೆ ಹೋಗಿ ಮೈಸೂರಿಗೆ ವಾಪಸ್ ಬಂದಿದ್ದೆ. ಕಾರಿನ ತುಂಬ ಕೆಂಪು ಮಣ್ಣು. ತೊಳೆದು ಮುಗಿಸುವಷ್ಟರಲ್ಲಿ ಬಿಳಿ ಮಿಟ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಕೆಟ್‌ಗೆ ಗೀಸರಿನ ಬಿಸಿನೀರು ಬಿಟ್ಟೆ. ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ಮಿಟ್ ನೆನೆಸಿಟ್ಟೆ. ಒಂದು ಗಂಟೆ ಬಿಟ್ಟು ಚೆನ್ನಾಗಿ ಉಜ್ಜಿದೆ, ಗಟ್ಟಿಯಾಗಿ ಹಿಂಡಿದೆ, ತಾರಸಿಯ ಮೇಲೆ ಬಿಸಿಲಿಗೆ ಹಾಕಿದೆ. ಸಂಜೆ ಹೋಗಿ ನೋಡಿದರೆ ಉಣ್ಣೆಯೆಲ್ಲ ಗಂಟುಗಂಟಾಗಿ ಅಂಟಿಕೊಂಡಿತ್ತು. ಒಳಗಿನ ಚರ್ಮ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಕೈ ತೂರಿಸಿದ ಕೂಡಲೇ ಹೊಲಿಗೆಯ ಪಕ್ಕದಲ್ಲಿ ಹರಿಯಿತು.

ಅಮ್ಮ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. "ಇದು ಕುರಿ ತುಪ್ಪಟ ಅಲ್ವೇನ್ಲಾ? ರೇಷ್ಮೆ ಸೀರೆನ ಯಾರಾದ್ರೂ ಬಿಸಿನೀರ್ನಲ್ಲಿ ನೆನೆಹಾಕ್ತಾರಾ?" ಅಂದರು.

ಅಮ್ಮ ಹೇಳಿದ್ದು ಸರಿಯಾಗಿತ್ತು. ಹತ್ತಿ ಗಿಡದಿಂದ ಬಂದದ್ದು. ಬಿಸಿನೀರು, ಖಾರದ ಸೋಪು, ಒಗೆಯುವ ಕಲ್ಲಿನ ಪೆಟ್ಟು ಎಲ್ಲವನ್ನೂ ತಡೆಯುತ್ತದೆ. ಉಣ್ಣೆ, ರೇಷ್ಮೆ, ನಮ್ಮ ತಲೆಗೂದಲು ಈ ಮೂರೂ ಪ್ರೋಟೀನ್. ಇವಕ್ಕೆ ಬಿಸಿಯೂ ಆಗದು, ಖಾರವೂ ಆಗದು. ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ 1912ರಲ್ಲೇ ಶುರುವಾಯಿತು. ಅಂದಿನಿಂದ ನಮ್ಮ ಕಡೆಯ ಮನೆಗಳಲ್ಲಿ ಆ ಸೀರೆಗಳನ್ನು ಜೋಪಾನ ಮಾಡುವ ಕ್ರಮ ಒಂದು ಬೆಳೆದು ಬಂದಿದೆ. ತಣ್ಣೀರು, ಅಂಟುವಾಳ, ನೆರಳು, ಹತ್ತಿ ಬಟ್ಟೆಯ ಗಂಟು. ಉಣ್ಣೆ ಮಿಟ್‌ಗೂ ಬೇಕಾದದ್ದು ಇಷ್ಟೇ. ಈ ಕ್ರಮಕ್ಕೆ ಬಂದ ಮೇಲೆ ನನ್ನ ಎರಡನೇ ಮಿಟ್ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿದೆ.

ಉಣ್ಣೆ ಹಾಳಾಗೋದು ಹೇಗೆ

ಇದನ್ನು ತಿಳಿದುಕೊಂಡರೆ ಮುಂದಿನ ಹಂತಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಉಣ್ಣೆಯ ಒಂದೊಂದು ಎಳೆಯ ಮೇಲೂ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪೊರೆಗಳಿವೆ. ಕಣ್ಣಿಗೆ ಕಾಣುವುದಿಲ್ಲ. ತಣ್ಣಗಿರುವಾಗ ಅವು ಮಟ್ಟಸವಾಗಿ ಮಲಗಿರುತ್ತವೆ. ಬಿಸಿನೀರು, ಕ್ಷಾರದ ಸೋಪು ಬಿದ್ದರೆ ಎದ್ದು ನಿಲ್ಲುತ್ತವೆ. ಆಗ ಉಜ್ಜಿದರೆ ಒಂದು ಎಳೆಯ ಪೊರೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ್ದು ಮತ್ತೆ ಬಿಡುವುದಿಲ್ಲ. ಹೀಗೆ ಗಟ್ಟಿಯಾದ ಉಣ್ಣೆಯನ್ನು ಮೊದಲಿನಂತೆ ಮಾಡುವ ಉಪಾಯ ಯಾವುದೂ ಇಲ್ಲ.

ಇನ್ನೊಂದು ಶತ್ರು ಸೋಪಿನ ಪುಡಿಯಲ್ಲೇ ಇರುತ್ತದೆ. ಕಲೆ ತೆಗೆಯುವ ಪುಡಿಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳನ್ನು ಸೇರಿಸಿರುತ್ತಾರೆ. ರಕ್ತ, ಹಾಲು, ಮೊಟ್ಟೆ ಕಲೆಗೆ ಅದು ಒಳ್ಳೆಯದೇ. ಆದರೆ ಉಣ್ಣೆಯೇ ಪ್ರೋಟೀನ್ ಅಲ್ವಾ? ಅದನ್ನೂ ಬಿಡುವುದಿಲ್ಲ. ಬ್ಲೀಚ್ ಅಂತೂ ಹತ್ತಿರಕ್ಕೂ ತರಬೇಡಿ. ಕ್ಲೋರಿನ್ ಬ್ಲೀಚ್‌ನಲ್ಲಿ ಉಣ್ಣೆ ಕರಗಿಯೇ ಹೋಗುತ್ತದೆ.

ಮಿಟ್ ಕೆಟ್ಟರೆ ಹೋಗಲಿ, ಇನ್ನೊಂದು ತಗೊಂಡರಾಯಿತು ಅಂತ ಕೆಲವರು ಹೇಳುತ್ತಾರೆ. ನಷ್ಟ ಮಿಟ್‌ನದ್ದು ಮಾತ್ರ ಆಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಕಾರಿನ ಬಣ್ಣದ ಮೇಲೆ ಹೊಳಪಿಗಾಗಿ ಬಳಿದಿರುವ ಪಾರದರ್ಶಕ ಪದರ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು. ಹೆಚ್ಚೂಕಡಿಮೆ ಒಂದು ತಲೆಗೂದಲಿನ ದಪ್ಪ. ಮರಳಿನ ಕಣ ಉಕ್ಕಿಗಿಂತ ಗಡಸು. ಉದ್ದನೆಯ ಮೃದು ಎಳೆಗಳು ಆ ಕಣವನ್ನು ಒಳಕ್ಕೆ ಎಳೆದುಕೊಂಡು ಬಣ್ಣದಿಂದ ದೂರ ಇಡುತ್ತವೆ. ಉಣ್ಣೆ ಮಿಟ್ ಬಳಸೋದೇ ಇದಕ್ಕೆ. ಗಟ್ಟಿಯಾದ ಮಿಟ್‌ನಲ್ಲಿ ಕಣ ಹೋಗಲು ಜಾಗವೇ ಇಲ್ಲ. ಮೇಲೆಯೇ ನಿಂತು ಬಣ್ಣಕ್ಕೆ ಉಜ್ಜುತ್ತದೆ. ಬಿಸಿಲಿನಲ್ಲಿ ಕಾರಿನ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಕಾಣುವ ಗೀರುಗಳು ಬಹುಪಾಲು ತೊಳೆಯುವಾಗಲೇ ಆಗಿರುತ್ತವೆ.

ನಿಮ್ಮ ಹತ್ತಿರ ಇರುವುದು ಯಾವ ಮಿಟ್?

ಒಳಗೆ ಕೈ ಹಾಕಿ ನೋಡಿ. ಒಳಭಾಗ ಚರ್ಮವಾಗಿದ್ದರೆ ಅದು ಕುರಿಯ ತೊಗಲಿನ ಮಿಟ್. ಉಣ್ಣೆ ಆ ತೊಗಲಿನಿಂದಲೇ ಬೆಳೆದು ನಿಂತಿರುತ್ತದೆ. ಒಳಗೆ ಬಟ್ಟೆ ಇದ್ದು, ಅದರ ಮೇಲೆ ಉಣ್ಣೆಯನ್ನು ಹೆಣೆದಿದ್ದರೆ ಅದು ಹೆಣೆದ ಉಣ್ಣೆ ಮಿಟ್. ಎರಡನೆಯದು ಸ್ವಲ್ಪ ಗಟ್ಟಿಮುಟ್ಟು, ಬೇಗ ಒಣಗುತ್ತದೆ. ಮೊದಲನೆಯದಕ್ಕೆ ಜಾಸ್ತಿ ಕಾಳಜಿ ಬೇಕು.

ಮೂರನೆಯದೂ ಒಂದಿದೆ. ನೋಡೋಕೆ ಉಣ್ಣೆ, ಆದರೆ ಪ್ಲಾಸ್ಟಿಕ್ ನೂಲು. ಅನುಮಾನ ಇದ್ದರೆ ನಾಲ್ಕೈದು ಎಳೆ ಕಿತ್ತು ಸ್ಟೀಲ್ ತಟ್ಟೆಯ ಮೇಲಿಟ್ಟು ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಆರುವವರೆಗೆ ಮುಟ್ಟಬೇಡಿ. ಪ್ಲಾಸ್ಟಿಕ್ ಮಿಟ್‌ಗೆ ಈ ಲೇಖನದ ಅರ್ಧಭಾಗ ಬೇಕಾಗಿಲ್ಲ. ಆದರೂ ಕಲ್ಲು, ಮಣ್ಣು ತೆಗೆಯುವ ಭಾಗ ಅದಕ್ಕೂ ಅನ್ವಯಿಸುತ್ತದೆ.

ಊರಲ್ಲಿ ಒಬ್ಬರು ಕೇಳಿದ್ದರು: ನಮ್ಮ ಕುರಿ ಉಣ್ಣೆಯಲ್ಲೇ ಮಾಡಿಕೊಳ್ಳಬಹುದಲ್ಲಾ, ಹಳೇ ಕಂಬಳಿ ಚೂರಾದರೂ ಆಗುತ್ತಲ್ಲಾ ಅಂತ. ಬೇಡ. ಮಳವಳ್ಳಿ ಕಡೆಯ ಬಂಡೂರು ಕುರಿ ಮಾಂಸಕ್ಕೆ ಹೆಸರಾದದ್ದು, ಅದರ ಕೂದಲು ಒರಟು. ಕಂಬಳಿಯ ಉಣ್ಣೆಯೂ ಒರಟೇ. ಚಳಿ ಮಳೆಗೆ ಅದು ಬಲು ಚೆಂದ. ಮಿಟ್‌ಗೆ ಹೆಚ್ಚಾಗಿ ಬಳಸುವ ಮೆರಿನೋ ಕುರಿಯ ಎಳೆ ಸುಮಾರು 24 ಮೈಕ್ರಾನ್‌ಗಿಂತ ತೆಳು.

ಹೊಸ ಮಿಟ್ ಬಂದ ದಿನ

ನೇರವಾಗಿ ಕಾರಿಗೆ ಹಾಕಬೇಡಿ. ಹೊಸ ಮಿಟ್ ಒಂದಷ್ಟು ಎಳೆ ಉದುರಿಸುತ್ತದೆ, ಅದು ಸಹಜ. ಮೊದಲು ಒಣಗಿರುವಾಗಲೇ ಹೊರಗೆ ತಗೊಂಡು ಹೋಗಿ ಜೋರಾಗಿ ಕೊಡವಿ. ಹಲ್ಲು ಅಗಲವಾದ ಬಾಚಣಿಗೆಯಿಂದ ಹಗುರವಾಗಿ ಬಾಚಿ. ಆಮೇಲೆ ಬರೀ ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ. ಹೊಲಿಗೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಗಟ್ಟಿ ದಾರದ ತುದಿ, ಲೇಬಲ್ಲಿನ ಮೂಲೆ ಏನಾದರೂ ಚುಚ್ಚುತ್ತಿದ್ದರೆ ಕತ್ತರಿಸಿ. ಕತ್ತರಿಸುವ ಮುಂಚೆ ಲೇಬಲ್ಲಿನಲ್ಲಿ ಒಗೆಯುವ ಬಗ್ಗೆ ಏನು ಬರೆದಿದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಯಾರಿಸಿದವರು ಹೇಳಿದ್ದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ.

ಕಾರು ತೊಳೆಯುವಾಗಲೇ ಅರ್ಧ ಕೆಲಸ ಮುಗಿಸಿ

ಮಿಟ್ ಒಗೆಯುವ ಕಷ್ಟ ಕಡಿಮೆ ಆಗಬೇಕಾದರೆ ಅದರೊಳಗೆ ಹೋಗುವ ಮಣ್ಣೇ ಕಡಿಮೆ ಆಗಬೇಕು. ಮಿಟ್ ಮುಟ್ಟಿಸುವ ಮುಂಚೆ ಪೈಪಿನಲ್ಲಿ ಕಾರಿಗೆ ಚೆನ್ನಾಗಿ ನೀರು ಹಾಯಿಸಿ. ನಮ್ಮ ಮಂಡ್ಯದ ಕಡೆ ಓಡಾಡಿದ ಗಾಡಿಗೆ ಇದು ಇನ್ನೂ ಮುಖ್ಯ. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿ ಎಲ್ಲ ರಸ್ತೆಗೇ ಹಾಸಿರುತ್ತಾರೆ. ಅದರ ಮೇಲೆ ಹಾದು ಬಂದ ಕಾರಿನ ಕೆಳಭಾಗದಲ್ಲಿ ಹೊಟ್ಟು, ಸೊಪ್ಪಿನ ಚೂರು, ಸಣ್ಣ ಕಲ್ಲು ಎಲ್ಲ ಮೆತ್ತಿಕೊಂಡಿರುತ್ತದೆ. ಕಬ್ಬಿನ ಗಾಡಿಯ ಹಿಂದೆ ಬಂದಿದ್ದರೆ ತರಗಿನ ಚೂರೂ ಸೇರುತ್ತದೆ. ಇವು ಒಮ್ಮೆ ಉಣ್ಣೆಯೊಳಗೆ ಹೋದರೆ ಒಂದೊಂದನ್ನೇ ಬೆರಳಲ್ಲಿ ಹೆಕ್ಕಬೇಕು. ಮೈಸೂರಿನಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸುವವರಿಗೆ ಹೂವಿನ ಕಾಟ ಗೊತ್ತಿರುತ್ತದೆ. ಅದನ್ನೂ ಮೊದಲೇ ನೀರಿನಲ್ಲಿ ತಳ್ಳಿಬಿಡಿ.

ಬಕೆಟ್ ಎರಡು ಇರಲಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಬಾಗಿಲು ಒರೆಸಿದ ಕೂಡಲೇ ಮಿಟ್ಟನ್ನು ಬರೀ ನೀರಿನಲ್ಲಿ ಮುಳುಗಿಸಿ, ಬೆರಳುಗಳಿಂದ ಎಳೆಗಳನ್ನು ಬಿಡಿಸಿ ಅಲ್ಲಾಡಿಸಿ. ಆಮೇಲೆ ಶಾಂಪೂ ಬಕೆಟ್‌ಗೆ ಹೋಗಿ. ಬರೀ ನೀರಿನ ಬಕೆಟ್ಟಿನ ತಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಕವುಚಿ ಹಾಕಿದರೆ ಮರಳು ಅದರ ಕೆಳಗೆ ಕೂರುತ್ತದೆ, ಮಿಟ್ ಮತ್ತೆ ಅದನ್ನು ಮುಟ್ಟುವುದಿಲ್ಲ. ಮೇಲಿನಿಂದ ಕೆಳಕ್ಕೆ ತೊಳೆಯಿರಿ.

ಮೂರು ಜಾಗಕ್ಕೆ ಈ ಮಿಟ್ ಬೇಡವೇ ಬೇಡ. ಚಕ್ರ ಮೊದಲನೆಯದು. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ ಅಲ್ಲಿರುತ್ತದೆ. ಎರಡನೆಯದು ಬಾಗಿಲ ಕೆಳಗಿನ ಪಟ್ಟಿ. ಮೂರನೆಯದು ಡಾಂಬರು ಅಂಟಿದ ಜಾಗ. ಇವಕ್ಕೆ ಬೇರೆ ಬಟ್ಟೆ ಇಟ್ಟುಕೊಳ್ಳಿ. ಮಿಟ್ ಕೈಜಾರಿ ನೆಲಕ್ಕೆ ಬಿತ್ತು ಅಂದುಕೊಳ್ಳಿ. ಸುಮ್ನೆ ಒಮ್ಮೆ ಅದ್ದಿ ಮುಂದುವರಿಸಬೇಡಿ. ಪೂರ್ತಿ ಒಗೆಯುವವರೆಗೆ ಆ ದಿನಕ್ಕೆ ಅದರ ಕೆಲಸ ಮುಗಿಯಿತು. ಇದನ್ನು ಪಾಲಿಸೋದು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ನಾನು ಎರಡು ಮಿಟ್ ಇಟ್ಟುಕೊಂಡಿದ್ದೇನೆ.

ಒಗೆಯುವ ಕ್ರಮ

ಕಾರು ಒರೆಸಿ ಮುಗಿಸಿ, ಕಾಫಿ ಕುಡಿದು ಆಮೇಲೆ ನೋಡೋಣ ಅನ್ನಬೇಡಿ. ಮಿಟ್ ಒದ್ದೆಯಾಗಿರುವಾಗ ಮಣ್ಣು ಸುಲಭವಾಗಿ ಬಿಡುತ್ತದೆ. ಒಣಗಿದ ಮೇಲೆ ಎಳೆಯ ಬುಡದಲ್ಲಿ ಕಚ್ಚಿಕೊಂಡು ಕೂರುತ್ತದೆ.

ಮೊದಲ ಹಂತ, ನಲ್ಲಿಯ ಕೆಳಗೆ ಹಿಡಿಯುವುದು. ಎಳೆಗಳು ಕೆಳಮುಖವಾಗಿ ಇಳಿಬೀಳುವ ಹಾಗೆ ಹಿಡಿಯಿರಿ. ನಲ್ಲಿಯನ್ನು ಅರ್ಧ ಬಿಡಿ. ಇನ್ನೊಂದು ಕೈಯ ಬೆರಳುಗಳಿಂದ ಉಣ್ಣೆಯನ್ನು ಪದರ ಪದರವಾಗಿ ಬಿಡಿಸುತ್ತಾ ಹೋಗಿ, ತಲೆಗೆ ಎಣ್ಣೆ ಹಚ್ಚುವಾಗ ಬೈತಲೆ ತೆಗೆಯುತ್ತಾರಲ್ಲ, ಹಾಗೆ. ಮಣ್ಣು ಬುಡದಲ್ಲಿ ಇರುತ್ತದೆ. ಮೇಲಿನ ಎಳೆ ಬೆಳ್ಳಗೆ ಕಂಡ ಮಾತ್ರಕ್ಕೆ ಒಳಗೆ ಸ್ವಚ್ಛ ಆಗಿದೆ ಅಂತ ಅಲ್ಲ. ನಮ್ಮ ಕಡೆಯ ಕೆಂಪು ಮಣ್ಣಿಗೆ ನಾನು ನಾಲ್ಕೈದು ನಿಮಿಷ ಕೊಡುತ್ತೇನೆ. ಕೆಳಗೆ ಒಂದು ಬಿಳಿ ಟಬ್ ಇಟ್ಟರೆ ತಳದಲ್ಲಿ ಮರಳು ಕೂರುವುದು ಕಾಣುತ್ತದೆ. ಮರಳು ಬೀಳುವುದು ನಿಲ್ಲುವವರೆಗೂ ಸೋಪು ಮುಟ್ಟಬೇಡಿ. ಪ್ರೆಷರ್ ವಾಷರ್ ಹತ್ತಿರದಿಂದ ಹೊಡೆದರೆ ಬೇಗ ಆಗುತ್ತದೆ ಅನ್ನಿಸಬಹುದು. ಆ ರಭಸಕ್ಕೆ ಎಳೆ ಬುಡಸಮೇತ ಕಿತ್ತು ಬರುತ್ತದೆ.

ಆಮೇಲೆ ಅರ್ಧ ಬಕೆಟ್ ನೀರು. ತಣ್ಣಗಿರಲಿ, ಇಲ್ಲವೇ ಕೈಗೆ ಬಿಸಿಯೂ ಅಲ್ಲದ ತಂಪೂ ಅಲ್ಲದ ಹದ ಇರಲಿ. 30 ಡಿಗ್ರಿ ದಾಟುವುದು ಬೇಡ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನೀರು ಗೀಸರಿನ ನೀರಿನಷ್ಟೇ ಬಿಸಿ ಇರುತ್ತದೆ. ಆಗ ಬೆಳಿಗ್ಗೆಯೇ ಹಿಡಿದಿಟ್ಟ ನೀರು ಬಳಸಿ.

ಸೋಪಿನ ವಿಷಯದಲ್ಲಿ ಮೂರು ದಾರಿ. ಕಾರಿನ ಶಾಂಪೂ ಕ್ಷಾರವಿಲ್ಲದ, ತಟಸ್ಥ ಬಗೆಯದಾದರೆ ಅದೇ ಒಂದು ಚಮಚ ಸಾಕು. ಉಣ್ಣೆ ಬಟ್ಟೆಗೆ ಅಂತಲೇ ಸಿಗುವ ದ್ರವ ಸೋಪೂ ಆಗುತ್ತದೆ. ಮೂರನೆಯದು ಅಂಟುವಾಳ. ನನಗೆ ಇದೇ ಇಷ್ಟ. ದೇವರಾಜ ಮಾರುಕಟ್ಟೆ ಸುತ್ತಮುತ್ತಲಿನ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಎಂಟು ಹತ್ತು ಕಾಯಿ ಒಡೆದು ಬೀಜ ತೆಗೆಯಿರಿ. ಸಿಪ್ಪೆಯನ್ನು ಒಂದು ಲೀಟರ್ ಬೆಚ್ಚನೆ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಕಿವುಚಿ, ತೆಳುವಾದ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಸೋಸುವುದರಲ್ಲಿ ಅವಸರ ಬೇಡ. ಸಿಪ್ಪೆಯ ಚೂರು ಉಣ್ಣೆಗೆ ಸಿಕ್ಕಿದರೆ ಬಿಡಿಸೋದು ಕಷ್ಟ. ಇದೇ ಕಾರಣಕ್ಕೆ ಸೀಗೆಪುಡಿ ಬೇಡ. ಅಂಟುವಾಳದ ನೊರೆ ಕೊಳೆಯನ್ನು ಬಿಡಿಸುತ್ತದೆ, ಆದರೆ ಸೋಪಿನ ಪುಡಿಯ ಖಾರ ಅದಕ್ಕಿಲ್ಲ. ಬಿಳಿ ಮಿಟ್ ಕಾಲಕ್ರಮೇಣ ತುಸು ಕಂದಾಗುತ್ತದೆ, ಅದರಿಂದ ನಷ್ಟವೇನಿಲ್ಲ. ಕಣ್ಣಿಗೆ ಮಾತ್ರ ಸಿಡಿಯದ ಹಾಗೆ ನೋಡಿಕೊಳ್ಳಿ, ತುಂಬಾ ಉರಿಯುತ್ತದೆ.

ಪಾತ್ರೆ ತೊಳೆಯುವ ದ್ರವ ಹಾಕಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಒಂದು ಸಲ ಹಾಕಿದರೆ ಮಿಟ್ ಹಾಳಾಗುವುದಿಲ್ಲ. ಪ್ರತಿ ಸಲ ಹಾಕಿದರೆ ಉಣ್ಣೆಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಜಿಡ್ಡೂ ಹೋಗಿ ಎಳೆ ಒರಟಾಗುತ್ತದೆ. ಬಟ್ಟೆಗೆ ಹಾಕುವ ಕಂಡಿಷನರ್ ಕೂಡ ಬೇಡ. ಅದರ ಪೊರೆ ಎಳೆಯ ಮೇಲೆ ಉಳಿದು ಮುಂದಿನ ಸಲ ಕಾರಿನ ಗಾಜಿನ ಮೇಲೆ ಮಸುಕು ಗೆರೆ ಬಿಡುತ್ತದೆ.

ಈಗ ಒಗೆಯುವುದು. ಸೋಪಿನ ನೀರಿನಲ್ಲಿ ಮಿಟ್ಟನ್ನು ಮುಳುಗಿಸಿ ಅಂಗೈಯಿಂದ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಇಪ್ಪತ್ತು ಮೂವತ್ತು ಸಲ. ಉಜ್ಜಬೇಡಿ, ತಿರುಚಬೇಡಿ, ಕಲ್ಲಿಗೆ ಕುಕ್ಕಬೇಡಿ. ಒಳಭಾಗವನ್ನೂ ಮರೆಯಬೇಡಿ. ಕೈ ಬೆವರು, ಶಾಂಪೂ ಎಲ್ಲ ಅಲ್ಲಿ ಸೇರಿ ವಾಸನೆ ಶುರುವಾಗುತ್ತದೆ. ಬಟ್ಟೆಯ ಒಳಭಾಗವಾದರೆ ನಿಧಾನವಾಗಿ ತಿರುವಿ ತೊಳೆಯಬಹುದು. ತೊಗಲಿನದಾದರೆ ತಿರುವಲು ಹೋಗಬೇಡಿ, ಹೊಲಿಗೆ ಬಿಡುತ್ತದೆ. ಕೈಯನ್ನೇ ಒಳಗೆ ತೂರಿಸಿ ಬೆರಳಲ್ಲಿ ಸವರಿ. ತೊಗಲಿನ ಮಿಟ್ ಐದು ನಿಮಿಷಕ್ಕಿಂತ ಜಾಸ್ತಿ ನೀರಿನಲ್ಲಿ ಇರುವುದು ಬೇಡ. ನೆನೆಹಾಕುವ ಮಾತೇ ಇಲ್ಲ.

ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ. ಈ ನೀರೂ ಮೊದಲಿನ ನೀರಿನಷ್ಟೇ ತಣ್ಣಗಿರಲಿ. ಬೆಚ್ಚನೆ ನೀರಿನಿಂದ ತೆಗೆದು ಐಸಿನಂಥ ನೀರಿಗೆ ಹಾಕಿದರೆ ಉಣ್ಣೆ ಕುಗ್ಗುತ್ತದೆ. ಜಾಲಿಸಿದ ಕೊನೆಯ ನೀರನ್ನು ಚೆಲ್ಲಬೇಡಿ, ಚಕ್ರ ತೊಳೆಯೋಕೆ ಆಗುತ್ತದೆ. ನಲ್ಲಿಯ ಕೆಳಗೆ ಹಿಡಿದದ್ದು ಬಿಟ್ಟರೆ, ಒಟ್ಟು ಎರಡು ಬಕೆಟ್ ನೀರಿನೊಳಗೆ ಕೆಲಸ ಮುಗಿಯುತ್ತದೆ.

ವಾಷಿಂಗ್ ಮೆಷಿನ್? ಹೆಣೆದ ಮಿಟ್ ಆಗಿದ್ದು ಲೇಬಲ್ ಒಪ್ಪಿದರೆ, ಬಲೆಯ ಚೀಲದಲ್ಲಿ ಹಾಕಿ, ತಣ್ಣೀರಿನ ಉಣ್ಣೆ ಸೆಟ್ಟಿಂಗ್‌ನಲ್ಲಿ ಯಾವಾಗಲಾದರೂ ಒಮ್ಮೆ ಹಾಕಬಹುದು. ತೊಗಲಿನ ಮಿಟ್ ಕೈಯಲ್ಲೇ ಒಗೆಯಿರಿ.

ಬೋರ್‌ವೆಲ್ ನೀರಾದರೆ

ಮೈಸೂರಿನ ಮನೆಗೆ ಬರುವುದು ಕಾವೇರಿ ಇಲ್ಲವೇ ಕಬಿನಿ ನೀರು. ಅದರಲ್ಲಿ ಮಿಟ್ ಒಗೆದರೆ ತೊಂದರೆಯಿಲ್ಲ. ಊರಿನ ಬೋರ್‌ವೆಲ್ ನೀರು ಗಡಸು. ಅಲ್ಲಿ ಒಗೆದ ಮಿಟ್ ಒಣಗಿದ ಮೇಲೆ ಮುಟ್ಟಿದರೆ ಜುಂಗು ಜುಂಗು ಅನ್ನಿಸುತ್ತಿತ್ತು. ಬಿಂದಿಗೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣದ ಅಂಶ ಎಳೆಯ ಮೇಲೂ ಉಳಿಯುತ್ತದೆ. ಕೊನೆಯ ಜಾಲಿಸುವ ಅರ್ಧ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ. ಇಲ್ಲದಿದ್ದರೆ ಒಂದು ನಿಂಬೆಹಣ್ಣಿನ ರಸ, ಚೆನ್ನಾಗಿ ಸೋಸಿದ್ದು. ಎರಡು ನಿಮಿಷ ಆಡಿಸಿ, ಆಮೇಲೆ ಒಮ್ಮೆ ಬರೀ ನೀರಿನಲ್ಲಿ ತೆಗೆಯಿರಿ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಎದ್ದ ಪೊರೆಗಳನ್ನೂ ಮಲಗಿಸುತ್ತದೆ. ಸೋಪಿನ ಶೇಷ ಉಳಿದಿದ್ದರೆ ಅದೂ ಹೋಗುತ್ತದೆ. ಮಳೆಗಾಲದಲ್ಲಿ ಮನೆ ಸೂರಿನ ನೀರು ಹಿಡಿಯುವವರಿಗೆ ಈ ರಗಳೆಯೇ ಇಲ್ಲ. ಉಣ್ಣೆಗೆ ಅದಕ್ಕಿಂತ ಒಳ್ಳೆ ನೀರು ಬೇರೆ ಇಲ್ಲ.

ಒಣಗಿಸುವುದರಲ್ಲೇ ಹೆಚ್ಚು ಜನ ಎಡವುವುದು

ಹಿಂಡಬೇಡಿ. ಎರಡು ಅಂಗೈಗಳ ನಡುವೆ ಇಟ್ಟು ಒತ್ತಿ ನೀರು ಇಳಿಸಿ. ಒಣ ಟವೆಲ್ ಹಾಸಿ, ಮಿಟ್ ಇಟ್ಟು, ಚಾಪೆ ಸುತ್ತುವ ಹಾಗೆ ಸುತ್ತಿ, ಮೊಣಕಾಲಿನಿಂದ ಒಮ್ಮೆ ಒತ್ತಿ. ಟವೆಲ್ ಒದ್ದೆಯಾದರೆ ಇನ್ನೊಂದು ಟವೆಲ್‌ನಲ್ಲಿ ಮತ್ತೆ ಸುತ್ತಿ. ಇಲ್ಲಿ ಐದು ನಿಮಿಷ ಕೊಟ್ಟರೆ ಒಣಗುವ ಸಮಯದಲ್ಲಿ ಅರ್ಧ ದಿನ ಉಳಿಯುತ್ತದೆ. ಆಮೇಲೆ ಒಂದೆರಡು ಸಲ ಜಾಡಿಸಿ ಕೊಡವಿ. ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ನೆರಳು, ಗಾಳಿ ಎರಡೂ ಇರುವ ಜಾಗ ಹುಡುಕಿ. ತೊಗಲಿಗೆ ಬಿಸಿಲು ಬಿದ್ದರೆ ಕುಗ್ಗುತ್ತದೆ, ಗಡುಸಾಗುತ್ತದೆ. ಗ್ಯಾಸ್ ಒಲೆಯ ಮೇಲಿನ ಕಟ್ಟೆ, ಫ್ರಿಜ್ಜಿನ ಹಿಂಭಾಗ, ಬಿಸಿಗಾಳಿಯ ಹೇರ್ ಡ್ರೈಯರ್ ಯಾವುದೂ ಬೇಡ. ನಾನು ವರಾಂಡದಲ್ಲಿ ನೇತುಹಾಕುತ್ತೇನೆ. ಪ್ಲಾಸ್ಟಿಕ್ ಹೊದಿಕೆ ಇರುವ ತಂತಿಯ ಹ್ಯಾಂಗರನ್ನು ಬಳೆಯ ಹಾಗೆ ಬಗ್ಗಿಸಿ ಮಿಟ್‌ನ ಬಾಯಿಯೊಳಗೆ ಇಟ್ಟರೆ ಬಾಯಿ ತೆರೆದೇ ಇರುತ್ತದೆ, ಗಾಳಿ ಒಳಕ್ಕೂ ಹೋಗುತ್ತದೆ. ಬರಿ ತಂತಿ ಬೇಡ, ತುಕ್ಕಿನ ಕಲೆ ಹತ್ತುತ್ತದೆ. ಎತ್ತರದಲ್ಲೇ ನೇತುಹಾಕಿ. ನಾಯಿಗೆ ಕುರಿ ತೊಗಲಿನ ವಾಸನೆ ತಟ್ಟನೆ ಗೊತ್ತಾಗುತ್ತದೆ.

ತೊಗಲಿನ ಮಿಟ್‌ಗೆ ಇನ್ನೊಂದು ಕೆಲಸ ಇದೆ. ಪೂರ್ತಿ ಒಣಗುವ ಮುಂಚೆ, ಮುಟ್ಟಿದರೆ ತಂಪು ಅನ್ನಿಸುವ ಹಂತದಲ್ಲಿ, ಒಳಗೆ ಕೈ ಹಾಕಿ ಬೆರಳುಗಳನ್ನು ಅಗಲಿಸಿ. ಅಂಚುಗಳನ್ನು ಹಿಡಿದು ನಾಲ್ಕೂ ಕಡೆಗೆ ಹಗುರವಾಗಿ ಎಳೆಯಿರಿ. ಒಣಗುವವರೆಗೆ ಇದನ್ನು ಎರಡು ಮೂರು ಸಲ ಮಾಡಿದರೆ ತೊಗಲು ಮೆತ್ತಗೆ ಉಳಿಯುತ್ತದೆ. ಬಿಟ್ಟುಬಿಟ್ಟರೆ ಸೆಟೆಯುತ್ತದೆ. ಸೆಟೆದ ಮೇಲೆ ಬಲವಂತವಾಗಿ ಎಳೆದರೆ ನನ್ನ ಮೊದಲ ಮಿಟ್‌ಗೆ ಆದದ್ದೇ ಆಗುತ್ತದೆ.

ಎಷ್ಟು ಹೊತ್ತು ಬೇಕು? ನಮ್ಮ ಮನೆಯಲ್ಲಿ ಫೆಬ್ರವರಿ ಗಾಳಿಗೆ ಹೆಣೆದ ಮಿಟ್ ಒಂದು ದಿನದಲ್ಲಿ, ತೊಗಲಿನದು ಎರಡು ದಿನದಲ್ಲಿ ಒಣಗುತ್ತದೆ. ಜಡಿಮಳೆ ಹಿಡಿದಾಗ ಇನ್ನೂ ಒಂದು ದಿನ, ಅದೂ ಫ್ಯಾನಿನ ಕೆಳಗೆ. ಉಣ್ಣೆ ಮೋಸ ಮಾಡುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ಮೇಲೆ ಮುಟ್ಟಿ ತೀರ್ಮಾನ ಮಾಡಬೇಡಿ. ಒಳಗಿನ ಹೊಲಿಗೆ, ಹೆಬ್ಬೆರಳಿನ ಮೂಲೆ ಮುಟ್ಟಿ ನೋಡಿ.

ಬಾಚುವುದು

ಪೂರ್ತಿ ಒಣಗಿದ ಮೇಲೆ ಮಾತ್ರ. ಒದ್ದೆ ಉಣ್ಣೆ ಸುಲಭವಾಗಿ ಹರಿಯುತ್ತದೆ. ಹಲ್ಲು ಅಗಲದ ಬಾಚಣಿಗೆ ಅಥವಾ ನಾಯಿಯ ಕೂದಲು ಬಾಚುವ ಬ್ರಷ್ ಆಗುತ್ತದೆ. ಸಿಕ್ಕು ಬಿಡಿಸುವಾಗ ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬುಡದ ಕಡೆ ಬನ್ನಿ. ಬುಡದಿಂದ ಎಳೆದರೆ ಮಗುವಿನ ತಲೆ ಬಾಚುವಾಗ ಆಗುವ ರಂಪವೇ ಇಲ್ಲೂ. ಬಾಚುವಾಗ ಬಾಚಣಿಗೆಯ ಹಲ್ಲಿಗೆ ಏನಾದರೂ ತಗುಲಿದರೆ ನಿಲ್ಲಿಸಿ, ಎಳೆಗಳನ್ನು ಬಿಡಿಸಿ ಹುಡುಕಿ. ಹೆಚ್ಚಿನ ಸಲ ಅದು ಸಣ್ಣ ಕಲ್ಲು. ನಾನು ಹೀಗೆ ಹುಡುಕಿ ತೆಗೆದ ಒಂದೊಂದು ಕಲ್ಲೂ ಒಂದೊಂದು ಗೀರನ್ನು ತಪ್ಪಿಸಿದೆ.

ಅರಿಸಿನ, ಡಾಂಬರು, ಮುಗ್ಗಲು

ಆಯುಧಪೂಜೆ ಮಾರನೇ ದಿನ ಎಲ್ಲರ ಕಾರಿನ ಮೇಲೂ ಅರಿಸಿನ, ಕುಂಕುಮ, ಬಾಳೆಕಂದಿನ ರಸ. ಅದನ್ನು ಮಿಟ್‌ನಿಂದ ಒರೆಸಬೇಡಿ. ಅರಿಸಿನ ಉಣ್ಣೆಗೆ ಬಣ್ಣ ಹಾಕುವ ವಸ್ತುವೇ. ಹತ್ತಿದರೆ ಪೂರ್ತಿ ಬಿಡುವುದಿಲ್ಲ. ಮೊದಲು ಒದ್ದೆ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದು, ನೀರು ಹಾಯಿಸಿ, ಆಮೇಲೆ ಮಿಟ್ ಹಿಡಿಯಿರಿ. ಮಿಟ್‌ಗೆ ತಾಗಿಯೇಬಿಟ್ಟರೆ ಸೋಪು ಹಚ್ಚಿ ತಿಕ್ಕಬೇಡಿ. ಸೋಪಿನ ಕ್ಷಾರಕ್ಕೆ ಅರಿಸಿನ ಕೆಂಪಗಾಗುತ್ತದೆ, ನೋಡಿ ಗಾಬರಿಯಾಗುತ್ತದೆ. ತಣ್ಣೀರಿನಲ್ಲಿ ತೊಳೆದು ಬಿಟ್ಟುಬಿಡಿ. ಆ ಹಳದಿ ಕಾರಿಗೆ ಗೀರು ಹಾಕುವುದಿಲ್ಲ. ನನ್ನ ಮಿಟ್‌ನ ಹೆಬ್ಬೆರಳಿನ ಹತ್ತಿರ ಮೂರು ಆಯುಧಪೂಜೆಗಳ ಹಳದಿ ಇದೆ.

ರಾತ್ರಿ ಬೆಂಗಳೂರು ಹೆದ್ದಾರಿಯಲ್ಲಿ ಬಂದರೆ ಬಂಪರ್ ತುಂಬ ಹುಳುಗಳು. ಅವನ್ನೂ ಮಿಟ್‌ನಿಂದ ತಿಕ್ಕಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಮೆತ್ತಗಾಗಿ ಬರುತ್ತವೆ.

ಡಾಂಬರು ಎಳೆಗೆ ಅಂಟಿದರೆ ಆ ಎಳೆಯನ್ನೇ ಕತ್ತರಿಸಿ ಹಾಕಿ. ಸೀಮೆಎಣ್ಣೆ, ಪೆಟ್ರೋಲ್ ಹಾಕಿದರೆ ತೊಗಲು ಒಣಗಿ ಬಿರಿಯುತ್ತದೆ, ಬೆಂಕಿಯ ಅಪಾಯ ಬೇರೆ.

ಮುಗ್ಗಲು ವಾಸನೆ ಬಂತು ಅಂದರೆ ಮಿಟ್ ಎಲ್ಲೋ ಒದ್ದೆಯಾಗಿ ಉಳಿದಿತ್ತು ಅಂತ ಅರ್ಥ. ಮತ್ತೆ ಒಗೆದು, ವಿನೆಗರ್ ನೀರಿನಲ್ಲಿ ಹತ್ತು ಸಲ ಒತ್ತಿ ಬಿಟ್ಟು, ಈ ಸಲ ಸರಿಯಾಗಿ ಒಣಗಿಸಿ. ಎರಡು ಸಲ ಮಾಡಿದರೂ ವಾಸನೆ ಹೋಗದೆ, ತೊಗಲು ಉಗುರಿಗೆ ಪುಡಿಪುಡಿಯಾಗಿ ಬಂದರೆ ಒಳಗೆ ಕೊಳೆತಿದೆ. ಆ ಮಿಟ್ ಮತ್ತೆ ಸರಿ ಹೋಗುವುದಿಲ್ಲ.

ಎತ್ತಿಡುವುದು

ಕಾರಿನ ಡಿಕ್ಕಿ ಬೇಡ. ಮಾರ್ಚ್ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಎಷ್ಟು ಬಿಸಿ ಅಂತ ಸ್ಟೇರಿಂಗ್ ಮುಟ್ಟಿದವರಿಗೆ ಗೊತ್ತು. ಪ್ಲಾಸ್ಟಿಕ್ ಕವರ್ ಕೂಡ ಬೇಡ, ತೇವ ಒಳಗೇ ಉಳಿಯುತ್ತದೆ. ಹಳೇ ದಿಂಬಿನ ಕವರಿನಲ್ಲಿ ಹಾಕಿ, ಬಾಯಿ ಸಡಿಲವಾಗಿ ಕಟ್ಟಿ ಬೀರುವಿನಲ್ಲಿಡಿ. ಮೇಲೆ ಭಾರ ಹೇರಬೇಡಿ, ಎಳೆ ಚಪ್ಪಟೆಯಾಗುತ್ತದೆ.

ನುಸಿಯ ಬಗ್ಗೆ ಎಚ್ಚರ ಬೇಕು. ಉಣ್ಣೆ ತಿನ್ನುವುದು ಪತಂಗದ ಮರಿಹುಳು. ಕೊಳೆ, ಬೆವರು ಇರುವ ಉಣ್ಣೆಯೆಂದರೆ ಅದಕ್ಕೆ ಇನ್ನೂ ಇಷ್ಟ. ಒಗೆಯದೆ ಎತ್ತಿಟ್ಟ ಮಿಟ್ ಮೊದಲು ಹಾಳಾಗುತ್ತದೆ. ನಮ್ಮ ಮನೆಯಲ್ಲಿ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನು ಚಿಕ್ಕ ಬಟ್ಟೆ ಗಂಟಿನಲ್ಲಿ ಕಟ್ಟಿ ಪಕ್ಕಕ್ಕೆ ಇಡುತ್ತೇವೆ. ಸೊಪ್ಪು ನೇರವಾಗಿ ಮಿಟ್ ಮೇಲೆ ಬೇಡ, ಪುಡಿಯಾಗಿ ಉದುರುತ್ತದೆ. ಬೇವನ್ನೊಂದೇ ನಂಬಿ ಕೂರಬೇಡಿ. ತಿಂಗಳಿಗೊಮ್ಮೆ ತೆಗೆದು ಹೊರಗೆ ಕೊಡವಿ. ಎಳೆ ಅಲ್ಲಲ್ಲಿ ಬುಡದಲ್ಲೇ ಕತ್ತರಿಸಿದ ಹಾಗೆ ಕಂಡರೆ ಹುಳು ಸೇರಿದೆ. ಪೂರ್ತಿ ಒಣಗಿದ ಮಿಟ್ಟನ್ನು ಗಾಳಿಯಾಡದ ಕವರಿನಲ್ಲಿ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಆಮೇಲೆ ಒಗೆಯಿರಿ.

ಯಾವಾಗ ಕೆಲಸದಿಂದ ಬಿಡಿಸಬೇಕು

ಎಳೆ ಉದುರಿ ತೊಗಲು ಕಾಣುತ್ತಿದ್ದರೆ, ಬಾಚಿದರೂ ಗಂಟು ಬಿಡದಿದ್ದರೆ, ಆ ಮಿಟ್ ಬಣ್ಣದ ಮೇಲೆ ಬೇಡ. ಅನುಮಾನ ಇದ್ದಾಗ ನಾನು ಮಾಡುವುದು ಹೀಗೆ. ಕೆಲಸಕ್ಕೆ ಬಾರದ ಹಳೇ ಸಿಡಿ ಒಂದನ್ನು ತೆಗೆದುಕೊಂಡು ಹೊಳೆಯುವ ಮೈ ಮೇಲೆ ಶಾಂಪೂ ನೀರು ಹಾಕುತ್ತೇನೆ. ಮಿಟ್ಟನ್ನು ಕಾರಿನ ಮೇಲೆ ಆಡಿಸುವಷ್ಟೇ ಹಗುರವಾಗಿ ಅದರ ಮೇಲೆ ಹತ್ತು ಸಲ ಆಡಿಸುತ್ತೇನೆ. ತೊಳೆದು ಬೆಳಕಿಗೆ ಹಿಡಿಯುತ್ತೇನೆ. ಹೊಸ ಗೀರು ಕಂಡರೆ ಮತ್ತೊಮ್ಮೆ ಒಗೆದು, ಬಾಚಿ, ಸಿಡಿಯ ಇನ್ನೊಂದು ಜಾಗದಲ್ಲಿ ಪರೀಕ್ಷೆ. ಆಗಲೂ ಗೀರು ಬಿದ್ದರೆ ಆ ಮಿಟ್ ಚಕ್ರ ತೊಳೆಯೋಕೆ ಹೋಗುತ್ತದೆ. ಚಕ್ರದ ಮಿಟ್ ಅಂತ ಗೊತ್ತಾಗಲು ಅದರ ಅಂಚಿಗೆ ಅಮ್ಮ ಒಂದು ಕೆಂಪು ದಾರ ಹೊಲಿದುಕೊಟ್ಟಿದ್ದಾರೆ. ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಒಗೆಯುತ್ತೇನೆ, ಬೇರೆ ಬೇರೆ ಗಂಟಿನಲ್ಲಿ ಇಡುತ್ತೇನೆ.